ಕಲಾಯಿ ಕಾಕಾನ ಒಂದೇ ಒಂದು ಸುಳ್ಳು

ಕಲಾಯಿ ಕಾಕಾನ ಅಂಗಾಲುಗಳು ಹೊತ್ತಿದ ರೊಟ್ಟಿಯ ಹಾಗೆ ಕರ್ರಗಿದ್ದವು. ಹಿಮ್ಮಡಿಯ ಸೀಳಿನಲ್ಲಿ ನನ್ನ ಕಿರುಬೆರಳು ಹಿಡಿಸುತ್ತಿತ್ತು, ಇಟ್ಟು ನೋಡಿಯೇ ಹೇಳುತ್ತಿದ್ದೇನೆ. ನಮ್ಮ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ತಾಮ್ರದ ಹಂಡೆ ಇಟ್ಟು, ಅದರೊಳಗೆ ಮರಳು, ಹರಕು ತಟ್ಟು ಹಾಕಿ, ತಾನೂ ಒಳಗಿಳಿದು ನಿಂತು, ಮೇಲಿನ ಟೊಂಗೆ ಹಿಡಿದು ಸೊಂಟ ತಿರುವುತ್ತಿದ್ದ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹಂಡೆಯ ಹೊಟ್ಟೆ ಕಿರುಗುಟ್ಟುತ್ತಿತ್ತು. ಓಣಿಯ ಹುಡುಗರೆಲ್ಲ ಸುತ್ತ ನಿಂತು ಚಪ್ಪಾಳೆ ಹೊಡೆದರೆ ನಾಚಿಕೊಂಡು ಕೆಳಗೆ ನೋಡುತ್ತ ಇನ್ನಷ್ಟು ಜೋರಾಗಿ ತಿರುಗುತ್ತಿದ್ದ. ಆಮೇಲೆ ತಿದಿ ಒತ್ತಿ, ಕೆಂಡದ ಮೇಲೆ ಹಂಡೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ಬಿಳಿ ಹೊಗೆ ಏಳುತ್ತಿದ್ದಂತೆ ತವರ ಮುಟ್ಟಿಸಿ ಅರಳೆಯಿಂದ ಒರೆಸಿದನೆಂದರೆ, ಹಸಿರುಗಟ್ಟಿದ್ದ ಹಂಡೆಯ ಒಳಗೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು.

ಅವನನ್ನು ‘ಅವರು’ ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಮ್ಮ ಕಡೆ ಹತ್ತಿರದವರಿಗೆ ಬಹುವಚನ ಹಚ್ಚಿದರೆ ಏನೋ ಮುನಿಸು ಬಂದಿದೆ ಎಂದೇ ತಿಳಿಯುತ್ತಾರೆ. ವರ್ಷಕ್ಕೆ ಎರಡು ಸಲ ನಮ್ಮೂರಿಗೆ ಬರುತ್ತಿದ್ದ. ನಮ್ಮೂರು ತಾಳಿಕೋಟೆ ಕಡೆಯದು, ಆಗ ಮುಂಬಯಿ ಸರಕಾರಕ್ಕೆ ಸೇರಿತ್ತು. ಅವನ ಮನೆ ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ, ಅದು ನಿಜಾಮನದು. ಆ ಸೀಮೆಯನ್ನೆಲ್ಲ ನಾವು ಮೊಗಲಾಯಿ ಎನ್ನುತ್ತಿದ್ದೆವು. ನಡುವೆ ಒಂದು ಹಳ್ಳ, ಹಳ್ಳದ ದಂಡೆಗೆ ಸುಂಕದವರ ನಾಕಾ, ನಾಕಾದ ಮುಂದೆ ಹಾದಿಗೆ ಅಡ್ಡ ಕಟ್ಟಿದ ಹಗ್ಗ. ಹಗ್ಗದಾಚೆ ಬೇರೆ ನಾಣ್ಯ, ಬೇರೆ ಕಾಗದಪತ್ರ, ಬೇರೆ ಪೊಲೀಸರು.

ಕಾಕಾನಷ್ಟು ಅಂಜುಬುರುಕ ಮನುಷ್ಯನನ್ನು ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ನಾಯಿಗೆ ಅಂಜುತ್ತಿದ್ದ, ಗುಡುಗಿಗೆ ಅಂಜುತ್ತಿದ್ದ, ಬಾವಿಯಲ್ಲಿ ಇಣುಕಲು ಅಂಜುತ್ತಿದ್ದ. ನಮ್ಮ ಓಣಿಯ ಹುಂಜವೊಂದು ಅವನನ್ನು ಕಂಡರೆ ಬೆನ್ನಟ್ಟುತ್ತಿತ್ತು, ಅದಕ್ಕೆಂದೇ ಜೋಳದ ಕಾಳು ಜೇಬಿನಲ್ಲಿ ಇಟ್ಟುಕೊಂಡು ಬರುತ್ತಿದ್ದ. ಮಾತಿಗೊಮ್ಮೆ ‘ಅಂಜಿಕಿ ಬರ್ತೈತ್ರಿ’ ಎನ್ನುವುದು ಅವನ ರೂಢಿ. ಅವ್ವ ನಗುತ್ತ, ‘ಅಣ್ಣಾ, ನೀ ಹುಟ್ಟೂದಕ್ಕರ ಹೆಂಗ ಒಪ್ಪಿದಿ’ ಎಂದು ಕಾಡಿಸುತ್ತಿದ್ದಳು.

ಇಂಥವನು ಪ್ರತಿ ಮೊಹರಮ್ಮಿಗೆ ರಂಗಂಪೇಟೆಯ ಅಲಾಯಿ ಕುಣಿಯಲ್ಲಿ ಎಲ್ಲರಿಗಿಂತ ಮೊದಲು ಕೆಂಡ ತುಳಿಯುತ್ತಿದ್ದ ಎಂದರೆ ನೀವು ನಂಬಬೇಕು. ನಾನು ಒಮ್ಮೆ ಕೇಳಿದ್ದೆ, ಬೆಂಕಿಗೆ ಅಂಜಿಕೆ ಇಲ್ಲವೇ ಎಂದು. ಬೆಂಕಿಯ ಜೊತೆ ದಿನಾ ಕೂತು ಮಾತಾಡುವವನು ನಾನು, ಬಾಯಲ್ಲಿ ಸುಳ್ಳು ಇಲ್ಲದಿದ್ದರೆ ಅದು ಏನೂ ಮಾಡುವುದಿಲ್ಲ ಎಂದಿದ್ದ. ಕಾಲಿನ ದಪ್ಪ ತೊಗಲಿನ ಮಾತು ಎತ್ತಲೇ ಇಲ್ಲ.

ಆಣೆ ಎಂದರಂತೂ ಅವನಿಗೆ ಜೀವವೇ ಹೋಗುತ್ತಿತ್ತು. ಒಮ್ಮೆ ನಮ್ಮೂರ ದೊಡ್ಡ ಮನೆಯ ಹೆಣ್ಣುಮಗಳೊಬ್ಬಳು, ತನ್ನ ಗಟ್ಟಿ ಕೊಡ ಇಟ್ಟುಕೊಂಡು ಹಗುರ ಕೊಡ ಕೊಟ್ಟಿದ್ದಾನೆ ಎಂದು ಅವನ ಮೇಲೆ ಹೊರಿಸಿದಳು. ಮಂದಿ ಸೇರಿತು. ಮಸೂತಿಯ ಕಟ್ಟೆ ಮುಟ್ಟಿ ಆಣೆ ಮಾಡು, ಬಿಟ್ಟುಬಿಡುತ್ತೇವೆ ಎಂದರು. ಕಾಕಾ ಗೊಳೋ ಎಂದು ಅತ್ತನೇ ಹೊರತು ಕಟ್ಟೆ ಮುಟ್ಟಲಿಲ್ಲ. ಮುಂದಿನ ಸಲ ಬರುವಾಗ ತನ್ನ ಮನೆಯ ಕೊಡ ಹೊತ್ತು ತಂದು ಅವಳ ಹೊಸ್ತಿಲಿಗೆ ಇಟ್ಟ. ಮೂರು ತಿಂಗಳಿಗೆ ಅವಳ ಗಟ್ಟಿ ಕೊಡ ಅವಳ ತಂಗಿಯ ಮನೆಯಲ್ಲೇ ಸಿಕ್ಕಿತು! ಅವ್ವನಿಗೆ ಸಿಟ್ಟು ತಡೆಯಲಿಲ್ಲ. ಕದ್ದಿಲ್ಲ ಎಂದು ಗೊತ್ತಿದ್ದೂ ಆಣೆ ಮಾಡಲು ಏನು ಧಾಡಿ ಎಂದು ಬೈದಳು.

‘ಈ ಕೊಡ ಕದ್ದಿಲ್ಲ ಅನ್ನೂದು ಖರೇನ, ತಂಗೆವ್ವ,’ ಎಂದ ಕಾಕಾ. ‘ಹಿಂದ ಎಂದರ ಯಾರದರ ಮುಚ್ಚಳ ಅದಲಿ ಬದಲಿ ಆಗಿದ್ರ? ನನಗ ನೆಪ್ಪಿಲ್ಲ. ಆತಗ ನೆಪ್ಪಿರತೈತಿ.’

ಆತ ಎಂದರೆ ದೇವರು. ಅವ್ವ ಹಣೆ ಬಡಿದುಕೊಂಡು ಒಳಗೆ ಹೋದಳು.

ನಮ್ಮ ಅಕ್ಕನನ್ನು ಕೊಟ್ಟದ್ದು ರಂಗಂಪೇಟೆಗೆ, ನೂಲಿನ ಅಂಗಡಿಯವರ ಮನೆಗೆ. ಅಪ್ಪ ತೀರಿಕೊಂಡಿದ್ದ, ಮನೆಯಲ್ಲಿ ಇದ್ದದ್ದು ಅವ್ವ ಮತ್ತು ನಾನು. ನನಗಾಗ ಒಂಬತ್ತು ವರ್ಷ. ಆ ವರ್ಷದ ಆಗಸ್ಟಿನಲ್ಲಿ ನಮ್ಮ ಶಾಲೆಯ ಮೇಲೆ ಬಾವುಟ ಏರಿತು, ನಮಗೆಲ್ಲ ಪೇಢೆ ಹಂಚಿದರು. ಹಗ್ಗದಾಚೆ ಏರಲಿಲ್ಲ. ಅಲ್ಲಿ ನಿಜಾಮ ತಾನು ಬೇರೆ ರಾಜ್ಯವಾಗಿಯೇ ಉಳಿಯುತ್ತೇನೆ ಎಂದು ಕೂತಿದ್ದ. ಅವನ ಪರವಾಗಿ ಖಾಕಿ ತೊಟ್ಟು ಬಂದೂಕು ಹಿಡಿದ ದಂಡೊಂದು ಊರೂರು ತಿರುಗತೊಡಗಿತ್ತು. ಶಹಾಪುರದ ಕಡೆ ಮನೆ ಸುಟ್ಟರಂತೆ, ಯಾದಗಿರಿಯ ರೈಲಿನಲ್ಲಿ ಮಂದಿ ರಾಶಿರಾಶಿಯಾಗಿ ಊರು ಬಿಡುತ್ತಿದ್ದಾರಂತೆ ಎಂದು ದಿನಕ್ಕೊಂದು ಸುದ್ದಿ. ಹುಟ್ಟಿದಾಗಿನಿಂದ ನೋಡುತ್ತಿದ್ದ ಮೊಗಲಾಯಿ ನಮಗೆ ಮೂರು ತಿಂಗಳಲ್ಲಿ ಪರದೇಶವಾಗಿಬಿಟ್ಟಿತು.

ಮೊಹರಂ ಹತ್ತಿರ ಬಂದಾಗ, ಹಬ್ಬಕ್ಕೆ ಊರಿಗೆ ಹೊರಟಿದ್ದ ಕಾಕಾ ನಮ್ಮ ಮನೆಗೆ ಬಂದು ಬಾಗಿಲ ಬಳಿ ಕೂತ. ಅಕ್ಕನಿಗೆ ಎಂಟು ತಿಂಗಳು ತುಂಬಿದೆ ಎಂದ. ನಮ್ಮ ಭಾವ ಯಾವುದೋ ಗೋಡೆಗೆ ಬಾವುಟದ ಚಿತ್ರ ಬರೆದು, ತಪ್ಪಿಸಿಕೊಂಡು ಗಡಿಯ ಈಚೆಯ ಹೋರಾಟಗಾರರ ಶಿಬಿರ ಸೇರಿದ್ದಾನೆ. ಅವನು ಸಿಗುವ ತನಕ ಅವನ ಹೆಂಡತಿ ಊರು ಬಿಡಬಾರದೆಂದು ಖಾಕಿಯವರು ಮನೆಗೆ ಬಂದು ಹೇಳಿ ಹೋಗಿದ್ದಾರೆ. ಮನೆಯಲ್ಲಿ ಮುದುಕಿ ಅತ್ತೆಯೊಬ್ಬಳೇ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು, ಅದು ನಮ್ಮಲ್ಲಿ ಬಿಡುವ ಮಾತಲ್ಲ. ಅವ್ವ ರೊಟ್ಟಿ ಕಟ್ಟಿಕೊಂಡಳು. ನನ್ನನ್ನು ಬಿಟ್ಟು ಹೋಗಲು ಯಾರೂ ಇರಲಿಲ್ಲವಾದ್ದರಿಂದ ನನ್ನ ಕೈ ಹಿಡಿದಳು.

ಒಳಗೆ ಹೋಗುವುದಕ್ಕೆ ಏನೂ ತೊಂದರೆಯಾಗಲಿಲ್ಲ. ಹಗ್ಗದವರು ನಮ್ಮ ಗಂಟಿಗೆ ಒಮ್ಮೆ ಕೈ ಹಾಕಿ ನೋಡಿ ಬಿಟ್ಟರು. ಒಳಗೆ ಬರುವವರ ಬಗ್ಗೆ ಅವರಿಗೆ ಚಿಂತೆಯಿಲ್ಲ, ಹೊರಗೆ ಹೋಗುವವರದೇ ಚಿಂತೆ ಎಂದು ಕಾಕಾ ಪಿಸುಗುಟ್ಟಿದ.

ರಂಗಂಪೇಟೆ ಮುಟ್ಟಿದಾಗ ಹಬ್ಬದ ಐದನೇ ದಿನ. ಮಸೂತಿಯ ಮುಂದೆ ಕುಣಿ ತೋಡಿದ್ದರು, ಕುಳ್ಳು ಕಟ್ಟಿಗೆ ಒಟ್ಟಿದ್ದರು. ಒಳಗೆ ಅಲಾಯಿ ದೇವರು ಕೂತಿದ್ದವು. ಕೋಲಿನ ತುದಿಯ ಬೆಳ್ಳಿ ಪಂಜಗಳು, ಅವಕ್ಕೆ ಸುತ್ತಿದ ಹಸಿರು ಕೆಂಪು ಬಟ್ಟೆ, ಹೂವಿನ ದಂಡೆ. ಲೋಬಾನದ ವಾಸನೆ. ಅಯ್ಯೋ, ಇದು ನಮ್ಮೂರ ಹಬ್ಬವೇ ಎಂದು ನನಗೆ ಎಷ್ಟು ಖುಷಿಯಾಯಿತೆಂದರೆ ಅವ್ವನ ಕೈ ಬಿಡಿಸಿಕೊಂಡು ಓಡಿದೆ. ನಮ್ಮೂರಲ್ಲಿ ಈ ಹತ್ತು ದಿನ ಜಾತಿ ಕೇಳುವವರಿಲ್ಲ. ನಮ್ಮ ಗೌಡರೇ ಹೆಜ್ಜೆ ಹಾಕುತ್ತಿದ್ದರು, ನಮ್ಮ ಅಪ್ಪ ರಿವಾಯತ್ ಪದ ಹಾಡುತ್ತಿದ್ದನಂತೆ. ಹಲಗೆ ಕೇಳಿದರೆ ಕಾಲು ತಾವೇ ಕುಣಿಯುವ ಹಬ್ಬ ಅದು.

ಇಲ್ಲಿ ಹಲಗೆ ಬಾರಿಸಿದಾಗ ಬಾಗಿಲುಗಳು ಮುಚ್ಚಿದವು. ನನ್ನ ಕಣ್ಣೆದುರಿಗೇ ಒಂದಾದ ಮೇಲೊಂದು. ಮಸೂತಿಯ ಕಟ್ಟೆಯ ಮೇಲೆ ಪರಊರಿನ ಖಾಕಿಯವರು ಬಂದೂಕು ಗೋಡೆಗೆ ಆನಿಸಿ ಕೂತಿದ್ದರು. ಕುಣಿಯ ಸುತ್ತ ಊರಿನ ಹತ್ತಿಪ್ಪತ್ತು ಮಂದಿ ಕೈಕಟ್ಟಿ ನಿಂತಿದ್ದರು. ಯಾರೂ ಹೆಜ್ಜೆ ಹಾಕುತ್ತಿರಲಿಲ್ಲ, ಹಲಗೆಯವನು ಬಾರಿಸಬೇಕಲ್ಲ ಎಂದು ಬಾರಿಸುತ್ತಿದ್ದ. ಖಾಕಿಯವನೊಬ್ಬ ನನ್ನನ್ನು ನೋಡಿ ಬಾ ಎಂದು ಬೆರಳು ಮಾಡಿದ. ನನಗೆ ಹಿಂದಕ್ಕೂ ಬರಲಾಗಲಿಲ್ಲ, ಮುಂದಕ್ಕೂ ಹೋಗಲಾಗಲಿಲ್ಲ. ಕಾಕಾ ಬಂದು ಎತ್ತಿಕೊಂಡು ನಡೆದ.

ಅಕ್ಕನ ಮನೆಯಲ್ಲಿ ಹಗಲೂ ಚಿಲಕ ಹಾಕಿಯೇ ಇರುತ್ತಿತ್ತು. ಹೊರಗೆ ಬೂಟಿನ ಸಪ್ಪಳ ಕೇಳಿದರೆ ಅಕ್ಕ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಗೋಡೆಗೆ ಒರಗುತ್ತಿದ್ದಳು. ಹರಕೆಯ ಸಕ್ಕರೆಯನ್ನು ಸಹ ಅಕ್ಕನ ಅತ್ತೆ ಹಿತ್ತಲ ಗೋಡೆಯ ಮೇಲಿಂದ ಕಾಕಾನ ಹೆಂಡತಿಯ ಕೈಗೆ ಕೊಟ್ಟು ದೇವರ ಮುಂದೆ ಓದಿಸಿ ತರಿಸಿದಳು. ಕಾಕಾನ ಹೆಂಡತಿಯನ್ನು ನಾವೆಲ್ಲ ಬೀಬವ್ವ ಎನ್ನುತ್ತಿದ್ದೆವು. ಅವಳು ಬಿಸಿ ಚೋಂಗೆ ಕೊಟ್ಟಳು. ನಮ್ಮೂರ ಚೋಂಗೆಯದೇ ರುಚಿ, ಅದೇ ಬೆಲ್ಲ, ಅದೇ ಗಸಗಸೆ. ಒಂದು ತುತ್ತು ಕಚ್ಚಿ ಕೆಳಗಿಟ್ಟೆ.

ಅಕ್ಕನನ್ನು ಕರೆದೊಯ್ಯುವ ಉಪಾಯ ಕಾಕಾನದೇ. ಹೆದರುವವನಿಗೇ ಉಪಾಯ ಹೆಚ್ಚು ಹೊಳೆಯುತ್ತವೋ ಏನೋ. ಹರಕೆ ಹೊತ್ತು ಕೊರಳಿಗೆ ಕೆಂಪು ದಾರದ ಲಾಡಿ ಹಾಕಿಕೊಂಡು ಫಕೀರರಾದವರನ್ನು ಆ ಹತ್ತು ದಿನ ಯಾರೂ ತಡೆಯಬಾರದು, ಅದು ಎರಡೂ ಕಡೆಯ ಪದ್ಧತಿ. ನಮ್ಮೂರ ಮಸೂತಿಯ ದೇವರು ಬಸುರಿಯರ ಹರಕೆಗೆ ಹೆಸರಾದವು, ಮೊಗಲಾಯಿಯಿಂದಲೂ ಹೆಣ್ಣುಮಕ್ಕಳು ಸಕ್ಕರೆ ತರುತ್ತಿದ್ದರು. ಅಕ್ಕ ಫಕೀರಳಾಗಲಿ, ಸಕ್ಕರೆ ಓದಿಸಲು ಹೊರಟಿದ್ದಾಳೆ ಎನ್ನೋಣ ಎಂದ. ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ. ಅಕ್ಕ ಖರೇನೇ ಹರಕೆ ಹೊರಬೇಕು, ಖರೇನೇ ನೆಲದ ಮೇಲೆ ಮಲಗಬೇಕು, ಐದು ಮನೆ ಭಿಕ್ಷೆ ಎತ್ತಬೇಕು, ನಮ್ಮೂರಿಗೆ ಹೋದವಳೇ ಮೊದಲು ಮಸೂತಿಗೆ ಹೋಗಿ ಸಕ್ಕರೆ ಓದಿಸಬೇಕು. ಅವ್ವನಿಂದ ಮಾತು ತೆಗೆದುಕೊಂಡ.

‘ಅವ್ರು ಕೇಳಿದ್ದಕ್ಕ ನಾ ಹೇಳೂದೆಲ್ಲ ಖರೇ ಇರಬೇಕು, ತಂಗೆವ್ವ. ಸುಳ್ಳ ಹೇಳಾಕ ಹೋದ್ರ ನನ್ನ ಮಾರಿ ಮ್ಯಾಲ ಕಾಣತೈತಿ.’

ಎಲ್ಲವನ್ನೂ ಯೋಚಿಸಿದ. ಅಕ್ಕನ ಅತ್ತೆಗೆ ತನ್ನ ಮನೆಯಲ್ಲಿ ಜಾಗ ಮಾಡಿದ. ನಾನು ಏನು ಹೇಳಬೇಕು, ಏನು ಹೇಳಬಾರದು ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಒಂಬತ್ತು ವರ್ಷದ ಹುಡುಗಿಯನ್ನು ಯಾರು ಮಾತಾಡಿಸುತ್ತಾರೆ?

ಏಳನೇ ದಿನ ಹೊರಟು ಎಂಟನೇ ದಿನದ ಮಟಮಟ ಮಧ್ಯಾಹ್ನ ನಾಕಾಕ್ಕೆ ಬಂದೆವು. ಬಂಡಿ ಅಕ್ಕನ ಮನೆಯದು, ಹೊಡೆಯುತ್ತಿದ್ದವನು ಕಾಕಾ. ಎತ್ತಿಗೂ ಅವನು ಅಂಜುತ್ತಿದ್ದ. ಬಾರುಕೋಲು ಮುಟ್ಟದೆ ‘ನಡೀರೆಪ್ಪಾ, ನಡೀರಿ’ ಎಂದು ಅವಕ್ಕೆ ವಿನಂತಿ ಮಾಡಿಕೊಳ್ಳುತ್ತಿದ್ದ. ಅಕ್ಕನ ಕೊರಳಲ್ಲಿ ಕೆಂಪು ಲಾಡಿ, ಹೆಗಲ ಮೇಲೆ ಹಸಿರು ಬಟ್ಟೆ, ಹಣೆಗೆ ಕುಂಕುಮದ ಮೇಲೆ ಊದಿ, ಉಡಿಯಲ್ಲಿ ಸಕ್ಕರೆಯ ಗಂಟು. ಅವಳ ತುಟಿ ಒಣಗಿ ಬಿಳಿಚಿಕೊಂಡಿದ್ದವು.

ನಾಕಾದಲ್ಲಿ ಈಗ ಸುಂಕದವರ ಜೊತೆ ಮೂವರು ಖಾಕಿಯವರಿದ್ದರು. ಇಬ್ಬರು ಬಂದೂಕು ಹಿಡಿದಿದ್ದರು. ಮೂರನೆಯವನು ಎಳೆಯ ಹುಡುಗ, ಮೀಸೆ ಈಗ ಚಿಗುರುತ್ತಿತ್ತು. ಕೈಯಲ್ಲಿ ಪುಸ್ತಕ, ಕಿವಿಯ ಮೇಲೆ ಪೆನ್ಸಿಲು. ನಮ್ಮ ಕಡೆಯವನೇ ಇರಬೇಕು, ಅಚ್ಚ ಕನ್ನಡ ಮಾತಾಡಿದ. ಎಲ್ಲಿಂದ, ಎಲ್ಲಿಗೆ, ಏಕೆ ಎಂದು ಕೇಳಿದ. ಕಾಕಾ ಎಲ್ಲಕ್ಕೂ ಖರೇ ಹೇಳಿದ. ಅಕ್ಕನ ಲಾಡಿ ನೋಡಿ ಹುಡುಗ ಕೈ ಎದೆಗೆ ಮುಟ್ಟಿಸಿಕೊಂಡ.

ಆದರೂ ಅವಳ ಗಂಡನ ಹೆಸರು ಕೇಳಿದ. ಅಕ್ಕ ತಲೆ ತಗ್ಗಿಸಿದಳು. ಗಂಡನ ಹೆಸರು ಬಾಯಿಂದ ಹೇಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಒತ್ತಾಯ ಮಾಡಲಿಲ್ಲ. ಕಾಕಾನ ಕಡೆ ತಿರುಗಿದ. ನನ್ನ ಅವ್ವ ಕಣ್ಣು ಮುಚ್ಚಿದ್ದನ್ನು ನಾನು ಕಂಡೆ.

‘ಕಲಾಯಿ ಮಾಡಾಂವ್ರಿ ನಾ,’ ಎಂದ ಕಾಕಾ. ‘ಮನಿ ಮನಿ ಹಂಡೆ, ಕೊಡ ಗುರ್ತ ಇರ್ತಾವ್ರಿ ನನಗ. ಬೇಕಾರ ಅವ್ರ ಮನ್ಯಾಗ ಎಷ್ಟು ತಾಂಬಗಿ ಅದಾವ ಕೇಳ್ರಿ, ಹೇಳ್ತೀನಿ.’

ಬಂದೂಕಿನವರು ನಕ್ಕರು. ಹುಡುಗನೂ ನಕ್ಕ. ಒಬ್ಬ ಹಗ್ಗ ಬಿಚ್ಚಲು ಹೋದ. ಹುಡುಗ ಪುಸ್ತಕದಲ್ಲಿ ಬರೆದುಕೊಳ್ಳಲೆಂದು ಪೆನ್ಸಿಲಿನಿಂದ ನಮ್ಮನ್ನು ತೋರಿಸುತ್ತ ಎಣಿಸಿದ. ಒಂದು, ಕಾಕಾ. ಎರಡು, ಅವ್ವ. ಮೂರು, ಅಕ್ಕ. ನನ್ನ ಕಡೆ ಪೆನ್ಸಿಲು ಮಾಡಿ ‘ನಾಲ್ಕು’ ಎಂದ.

ಇಲ್ಲಿ ನಮ್ಮ ಶಾಲೆಯ ಮಾತು ಹೇಳಬೇಕು. ನಮ್ಮ ಮಾಸ್ತರರು ಹಾಜರಿ ತೆಗೆದುಕೊಳ್ಳುವಾಗ ಹೆಸರು ಕೂಗುತ್ತಿರಲಿಲ್ಲ, ನಂಬರು ಕೂಗುತ್ತಿದ್ದರು. ನಾನು ನಾಲ್ಕು. ಮೊದಲೆಲ್ಲ ‘ಹಾಜರ್’ ಎನ್ನುತ್ತಿದ್ದೆವು. ಬಾವುಟ ಏರಿದ ಮರುದಿನದಿಂದ ಎದ್ದು ನಿಂತು ‘ಜೈ ಹಿಂದ್’ ಎನ್ನಬೇಕೆಂದು ಹುಕುಂ ಆಗಿತ್ತು. ತಡ ಮಾಡಿದರೆ ಛಡಿ ಏಟು. ಪುಸ್ತಕ, ಕಿವಿಯ ಮೇಲಿನ ಪೆನ್ಸಿಲು, ಒಂದು, ಎರಡು, ಮೂರು, ನಾಲ್ಕು. ನಾನು ಬಂಡಿಯಲ್ಲಿಯೇ ನೆಟ್ಟಗೆ ಎದ್ದು ನಿಂತು ಗಟ್ಟಿಯಾಗಿ, ‘ಜೈ ಹಿಂ’ ಎಂದೆ.

ಅಷ್ಟರಲ್ಲಿ ಕಾಕಾನ ಕೈ ನನ್ನ ಬಾಯಿಯ ಮೇಲೆ ಬಿತ್ತು. ತುಟಿ ಹಲ್ಲಿಗೆ ತಾಗಿ ಒಡೆಯಿತು. ರಕ್ತದ ಜೊತೆ ನವಸಾಗರದ ಘಾಟು. ಹಗ್ಗ ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ. ಇನ್ನೊಬ್ಬ ಬಂದೂಕನ್ನು ಹೆಗಲಿನಿಂದ ಇಳಿಸಿದ. ಅಕ್ಕನ ಉಡಿಯಿಂದ ಗಂಟು ಜಾರಿ ಬಿತ್ತು, ಅವಳು ಅದನ್ನು ಎತ್ತಿಕೊಳ್ಳಲೂ ಇಲ್ಲ.

ಹುಡುಗ ಮೆಲ್ಲಗೆ, ಇವಳು ಏನೆಂದಳು ಎಂದು ಕೇಳಿದ.

‘ಜೈನವ್ವ,’ ಎಂದ ಕಾಕಾ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು. ‘ಜೈನವ್ವ ಅಂತ್ರಿ ಇಕಿ ಹೆಸರು. ಹೆಸರು ಕೇಳಿದ್ರಿ ಅಂತ ತಿಳಕೊಂಡಾಳ. ಹರಕೀ ಕೂಸ್ರಿ ಇದು, ಬೀಬೀ ಜೈನಬಿ ಹೆಸರು ಇಟ್ಟಾರ್ರಿ. ಬಾಯಿ ತೊದಲೈತಿ.’

ಇದನ್ನು ತಿಳಿಯದವರಿಗೆ ಹೇಳಬೇಕು. ನಮ್ಮ ಕಡೆ ಮಕ್ಕಳು ಉಳಿಯದ ಮನೆಯವರು ಅಲಾಯಿ ದೇವರಿಗೆ ಹರಕೆ ಹೊತ್ತು, ಹುಟ್ಟಿದ ಕೂಸಿಗೆ ಹುಸೇನರ ಮನೆತನದ ಹೆಸರು ಇಡುತ್ತಾರೆ. ಹುಸೇನಪ್ಪ, ಇಮಾಮವ್ವ, ಫಕೀರಪ್ಪ ಎಂದು ಲಿಂಗ ಕಟ್ಟಿಕೊಂಡವರಲ್ಲೂ ಇದ್ದಾರೆ. ಹುಸೇನರ ತಂಗಿ ಜೈನಬಿಯ ಹೆಸರಿನ ಹುಡುಗಿ ಬಂಡಿಯಲ್ಲಿದ್ದರೆ ಆ ಹಬ್ಬದ ದಿನ ಅಚ್ಚರಿಯೇನಿಲ್ಲ. ಆದರೆ ನನ್ನ ಹೆಸರು ಶಾಂತವ್ವ. ಯಾವ ಹರಕೆಯೂ ಇರಲಿಲ್ಲ.

ಹುಡುಗ ನಂಬಿದನೋ ಬಿಟ್ಟನೋ, ಬಂದೂಕಿನವನು ನಂಬಲಿಲ್ಲ. ಹಾದಿಯ ಪಕ್ಕದಲ್ಲೇ ಆ ಊರಿನ ಚಿಕ್ಕ ಮಸೂತಿ ಇತ್ತು, ದೇವರು ಕೂತಿದ್ದವು. ಅಲ್ಲಿಗೆ ನಡೆ, ಮುಟ್ಟಿ ಹೇಳು ಎಂದ. ಕಾಕಾ ಅವನನ್ನು ನೋಡಿದ, ಆಮೇಲೆ ಅಕ್ಕನ ಹೊಟ್ಟೆಯನ್ನು ನೋಡಿದ. ಬಂಡಿಯಿಂದ ಇಳಿದ. ನನ್ನ ಕೈ ಹಿಡಿದುಕೊಂಡ. ಅವ್ವ ‘ಅಣ್ಣಾ, ಬ್ಯಾಡ’ ಎಂದಳು. ಬಾಯಲ್ಲೇ ಅಂದಳು, ದನಿ ಹೊರಗೆ ಬರಲಿಲ್ಲ.

ಒಳಗೆ ಮಬ್ಬು, ಹೊಗೆ. ಕಾಕಾ ಬಲಗೈ ಚಾಚಿ ಪಂಜದ ಕೋಲನ್ನು ಹಿಡಿದ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಮೇಲಿನ ದಂಡೆಯಿಂದ ಹೂವು ಉದುರಿ ನನ್ನ ತಲೆಯ ಮೇಲೆ ಬಿದ್ದವು. ಬೆನ್ನಿಗೆ ಬಂದೂಕಿನವನು ನಿಂತಿದ್ದ.

‘ಈ ಕೂಸಿನ ಹೆಸರು ಜೈನವ್ವ,’ ಎಂದ ಕಾಕಾ. ‘ಸುಳ್ಳಾದ್ರ ಬೆಂಕಿ ನನ್ನ ಕಾಲು ತಿನ್ನಲಿ.’

ಬಂದೂಕಿನವನು ನನ್ನ ಗದ್ದ ಎತ್ತಿ, ನೀನು ಹೇಳು ಎಂದ. ಒಡೆದ ತುಟಿಯಲ್ಲಿ ಜೈನವ್ವ ಎಂದೆ. ತೊದಲುವ ನಾಟಕ ಮಾಡಬೇಕಾಗಲಿಲ್ಲ, ಅದು ತಾನೇ ಬಂತು.

ಹಗ್ಗ ಬಿಚ್ಚಿದರು. ಹೆಂಗಸರು ಹೋಗಲಿ, ಗಂಡಸು ಇಲ್ಲಿಂದಲೇ ಹಿಂದಕ್ಕೆ ಹೋಗಲಿ ಎಂದರು. ಅವ್ವ ಎತ್ತಿನ ಹಗ್ಗ ಹಿಡಿದು ತಾನೇ ಬಂಡಿ ಹೊಡೆದಳು. ಹಳ್ಳಕ್ಕೆ ಇಳಿಯುವಾಗ ನಾನು ತಿರುಗಿ ನೋಡಿದೆ. ಕಾಕಾ ಬಿಸಿಲಿನಲ್ಲಿ ನಿಂತಿದ್ದ, ಬಲಗೈಯನ್ನು ಮೈಗೆ ತಾಗದ ಹಾಗೆ ದೂರ ಹಿಡಿದಿದ್ದ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಊರು ಮುಟ್ಟಿದ ಕೂಡಲೇ, ಮನೆಗೂ ಹೋಗದೆ, ಅವ್ವ ಬಂಡಿಯನ್ನು ಮಸೂತಿಗೆ ಹೊಡೆದಳು. ಅಕ್ಕನ ಸಕ್ಕರೆ ಓದಿಸಿದಳು. ಆಮೇಲೆ ನನ್ನನ್ನು ಮುಂದೆ ನೂಕಿ, ಈ ಕೂಸಿಗೆ ಲಾಡಿ ಹಾಕಿ ಜೈನವ್ವ ಎಂದು ಹೆಸರಿಡಿರಿ ಎಂದಳು. ಮುಲ್ಲಾ ಕಕ್ಕಾಬಿಕ್ಕಿಯಾದ. ಒಂಬತ್ತು ವರ್ಷದ ಹುಡುಗಿಗೆ ಈಗ ಯಾವ ಹೆಸರು ಎಂದು ಕೇಳಿದ.

‘ಆತ ಸುಳ್ಳ ಹೇಳಿದ್ದು ನಮ್ಮ ಸಲುವಾಗಿ,’ ಎಂದಳು ಅವ್ವ. ‘ಅದನ್ನ ಖರೇ ಮಾಡೂದು ನಮ್ಮ ಕೈಯಾಗ ಐತಿ.’

ಮನೆತನದವರು ಬೈದರು, ನೆಂಟರು ನಕ್ಕರು. ಮಾಸ್ತರರು ಹಾಜರಿ ಪುಸ್ತಕದಲ್ಲಿ ಶಾಂತವ್ವನನ್ನು ಹೊಡೆದು ಹಾಕಲು ಒಂದು ವಾರ ಗೊಣಗಿದರು. ಮದುವೆಯ ಕಾಲಕ್ಕೆ ಗಂಡಿನ ಕಡೆಯವರೂ ಕೇಳಿದರು. ಅವ್ವ ಯಾರಿಗೂ ಜಗ್ಗಲಿಲ್ಲ. ನನಗಂತೂ ಮೊದಲು ಸಿಟ್ಟೇ ಬಂದಿತ್ತು. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ಹೆಸರು ಕಿತ್ತುಕೊಂಡರು ಎಂದು ಅತ್ತಿದ್ದೆ. ಅಕ್ಕನಿಗೆ ನಮ್ಮ ಮನೆಯಲ್ಲೇ ಗಂಡುಕೂಸು ಹುಟ್ಟಿತು. ಭಾವ ಶಿಬಿರದಿಂದ ಬಂದು ನೋಡಿಕೊಂಡು ಹೋದ.

ಕಾಕಾ ಬಂದರೆ ಹೇಳಬೇಕೆಂದು ಅವ್ವ ಕಾಯುತ್ತಿದ್ದಳು. ನನಗೆ ದಿನಕ್ಕೆರಡು ಸಲ ತಾಲೀಮು: ಕಾಕಾ ಬಾಗಿಲಿಗೆ ಬಂದಾಗ ಅವ್ವ ‘ಜೈನವ್ವಾ’ ಎಂದು ಕೂಗಬೇಕು, ನಾನು ನೀರು ತಂದು ಕೊಡಬೇಕು. ಯುಗಾದಿ ಹೋಯಿತು, ಕಾರಹುಣ್ಣಿಮೆ ಹೋಯಿತು, ಅವನು ಬರಲಿಲ್ಲ. ಹಗ್ಗ ಇನ್ನೂ ಬಿಗಿಯಾಗಿತ್ತು. ಒಬ್ಬಿಬ್ಬರ ಕೈಯಲ್ಲಿ ಹೇಳಿ ಕಳಿಸಿದ್ದು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ. ಊರಿನ ಹಂಡೆಗಳೆಲ್ಲ ಹಸಿರುಗಟ್ಟಿದವು. ಬೇರೆ ಕಲಾಯಿಯವನೊಬ್ಬ ಬಂದಾಗ ಅವ್ವ ನಮ್ಮ ಹಂಡೆ ಕೊಡಲಿಲ್ಲ.

ಆಮೇಲೆ ಭಾರತದ ಸೈನ್ಯ ಹಗ್ಗ ದಾಟಿತು, ಪೊಲೀಸ್ ಆಕ್ಷನ್ ಆಯಿತು. ಮೊಗಲಾಯಿ ನಾಲ್ಕು ದಿನದಲ್ಲಿ ಮುಗಿಯಿತು ಎಂದು ಶಾಲೆಯಲ್ಲಿ ಮತ್ತೆ ಪೇಢೆ ಹಂಚಿದರು. ಮರುವಾರದಿಂದ ಬೇರೆ ಸುದ್ದಿ ಬರತೊಡಗಿತು. ಖಾಕಿಯವರು ಓಡಿಹೋಗಿದ್ದರು, ಅವರ ಮೇಲಿನ ಸಿಟ್ಟನ್ನು ಮಂದಿ ಕೈಗೆ ಸಿಕ್ಕ ಬಡ ಮುಸಲ್ಮಾನರ ಮೇಲೆ ತೀರಿಸಿಕೊಳ್ಳುತ್ತಿದ್ದರು. ಈಗ ಅವರ ಓಣಿಗಳಲ್ಲಿ ಬಾಗಿಲು ಮುಚ್ಚುತ್ತಿದ್ದವು. ಅವ್ವ ಪೇಢೆ ಬಾಯಿಗೆ ಹಾಕಲಿಲ್ಲ. ಹುಂಜಕ್ಕೆ ಅಂಜುವವನು ಅಲ್ಲಿ ಏನು ಮಾಡುತ್ತಿದ್ದಾನೋ ಎಂದು ಒಂದೇ ಸಮನೆ ಅನ್ನುತ್ತಿದ್ದಳು. ಹಾದಿ ತೆರೆಯುತ್ತಲೇ ನನ್ನನ್ನೂ, ಅಕ್ಕ ಮತ್ತು ಕೂಸನ್ನೂ ಕರೆದುಕೊಂಡು ಹೊರಟಳು. ಹಳ್ಳದ ದಂಡೆಯಲ್ಲಿ ನಾಕಾದ ಗುಡಿಸಲು ಬಿದ್ದಿತ್ತು. ಹಗ್ಗ ಇರಲಿಲ್ಲ.

ಬೀಬವ್ವ ಬಾಗಿಲು ತೆಗೆಯಲು ಬಹಳ ಹೊತ್ತು ಹಿಡಿಯಿತು. ಒಳಗಿನಿಂದ ಯಾರು, ಯಾರು ಎಂದು ನಾಲ್ಕು ಸಲ ಕೇಳಿದಳು. ಅವಳ ಕೈಯಲ್ಲಿ ಬಳೆ ಇರಲಿಲ್ಲ. ಅವ್ವ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಕಾಕಾನನ್ನು ಯಾರೂ ಮುಟ್ಟಿರಲಿಲ್ಲ. ಗದ್ದಲ ಎದ್ದ ದಿನ ಊರ ಹೊರಗಿನ ಜೋಳದ ಹೊಲ ಹೊಕ್ಕವನು ಆರು ದಿನ ಹೊರಗೆ ಬಂದಿರಲಿಲ್ಲ. ಮಳೆ ಹಿಡಿದಿತ್ತು. ಅಕ್ಕನ ಅತ್ತೆಯೇ ಅಂಗಡಿಯ ಆಳನ್ನು ಕಳಿಸಿ ಹುಡುಕಿಸಿ ಮನೆಗೆ ತಂದು ಮಲಗಿಸಿದಳಂತೆ. ಜ್ವರ ಏರಿತ್ತು, ಐದು ದಿನ ಇದ್ದ.

ಬೀಬವ್ವ ಅಳದೆ ಹೇಳಿದಳು. ಹೋದ ಮೊಹರಮ್ಮಿನ ಹತ್ತನೇ ದಿನ ನಸುಕಿನಲ್ಲಿ ನಾಕಾದಿಂದ ನಡೆದು ಬಂದವನು ಕುಣಿಯ ಹತ್ತಿರ ಹೋಗಲಿಲ್ಲ. ಮೊದಲು ನೀನೇ ಇಳಿಯಬೇಕು ಎಂದು ಮಂದಿ ಕರೆಯಲು ಬಂದರು. ಕಾಲು ನೋಯುತ್ತಿವೆ ಎಂದು ಗೋಡೆಗೆ ಮುಖ ಮಾಡಿ ಕೂತ. ಅವಳೊಬ್ಬಳಿಗೇ ನಡೆದದ್ದೆಲ್ಲ ಹೇಳಿದ್ದ. ಸಾಯುವ ಮುಂದೆ ಜ್ವರದ ಬಡಬಡಿಕೆಯಲ್ಲೂ ಅದೇ.

‘ಅಲ್ಲಿ ಆತ ಕೇಳಿದ್ರ ಏನ ಹೇಳ್ಲಿ ಅಂತಿದ್ದ,’ ಎಂದಳು ಬೀಬವ್ವ. ‘ಅದೊಂದ ಅಂಜಿಕಿ ಇಟ್ಗೊಂಡ ಹೋದ, ಯವ್ವಾ.’

ಅವ್ವ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಬೀಬವ್ವ ನನ್ನ ಕಡೆ ತಿರುಗಿದಳು. ನಾನು ಬೆಳೆದಿದ್ದೇನೆ ಎಂದು ತಲೆ ಸವರಿ, ನಿನ್ನ ಹೆಸರು ಮರೆತೆ ಕೂಸೆ, ಏನದು ಎಂದು ಕೇಳಿದಳು.

ಹೇಳಿದೆ. ಅವಳ ಕೈ ನನ್ನ ತಲೆಯ ಮೇಲೆಯೇ ನಿಂತಿತು. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಹೇಳಿದೆ. ಅವ್ವ ಆಗ ಎಲ್ಲ ಬಿಡಿಸಿ ಹೇಳಿದಳು: ಮಸೂತಿಗೆ ಹೋದದ್ದು, ಲಾಡಿ ಹಾಕಿಸಿದ್ದು, ಮಾಸ್ತರರು ಪುಸ್ತಕದಲ್ಲಿ ತಿದ್ದಿದ್ದು.

ಬೀಬವ್ವ ಎದ್ದಳು. ಮೂರು ವಾರದಿಂದ ಹೊಸ್ತಿಲು ದಾಟಿರದವಳು, ಗಂಡ ಸತ್ತ ನಾಲ್ಕು ತಿಂಗಳು ದಾಟಬಾರದವಳು, ನನ್ನ ರಟ್ಟೆ ಹಿಡಿದು ಹಾಡಹಗಲೇ ಬೀದಿಗಿಳಿದು ನಡೆದಳು. ಎಷ್ಟು ಜೋರಾಗಿ ನಡೆದಳೆಂದರೆ ಅವ್ವ ಹಿಂದೆ ಉಳಿದಳು. ಊರ ಹೊರಗಿನ ಗೋರಿಗಳ ಜಾಗಕ್ಕೆ ಹೆಂಗಸರು ಒಳಗೆ ಹೋಗುವಂತಿಲ್ಲ. ಮೊಣಕಾಲೆತ್ತರದ ಕಲ್ಲುಗೋಡೆಯ ಹೊರಗೆ ನಿಂತು, ಹಸಿ ಮಣ್ಣಿನ ಒಂದು ಗುಡ್ಡೆಯನ್ನು ತೋರಿಸಿದಳು. ಮೇಲೆ ಇನ್ನೂ ಹುಲ್ಲು ಬಂದಿರಲಿಲ್ಲ.

‘ಹೇಳು,’ ಎಂದಳು.

ನನಗೆ ಅಂಜಿಕೆ ಹತ್ತಿತು. ಬೀದಿಯಲ್ಲಿ ಮಂದಿ ನಿಂತು ನೋಡುತ್ತಿದ್ದರು. ಪಿಸುದನಿಯಲ್ಲಿ ಜೈನವ್ವ ಎಂದೆ.

‘ಜೋರಾಗಿ ಹೇಳವ್ವಾ,’ ಎಂದಳು ಬೀಬವ್ವ. ‘ಆತಗ ಎಡಗಿವಿ ಕೇಳ್ತಿರಲಿಲ್ಲ.’

ನಾನು ಗೋಡೆ ಹಿಡಿದುಕೊಂಡು, ಆ ಬಯಲಿಗೆಲ್ಲ ಕೇಳುವ ಹಾಗೆ, ನನ್ನ ಹೆಸರು ಕೂಗಿದೆ.